ಅರ್ಧಕ್ಕೆ ಬಿಡುವವನು

ಅಕ್ಟೋಬರ್ ೩, ಶುಕ್ರವಾರ

ಬಸ್ಸಿಳಿದಾಗಿನಿಂದ ಷಡ್ಡಕ ತಿನ್ನುತ್ತಲೇ ಇದ್ದಾನೆ. ಬೆಟ್ಟದ ಬುಡದ ಈ ಲಾಡ್ಜಿನಲ್ಲಿ ಸೂಪು, ಬ್ರೆಡ್ಡು, ಬೇಯಿಸಿದ ಮೊಟ್ಟೆ ಬಿಟ್ಟರೆ ಗತಿಯಿಲ್ಲ. ಅಷ್ಟರಲ್ಲೇ ಅಡುಗೆಯಾಕೆಯ ಸ್ನೇಹ ಸಂಪಾದಿಸಿ ಇನ್ನೊಂದು ಬಟ್ಟಲು ಸೂಪು ತರಿಸಿಕೊಂಡ. "ನಾಳೆಯಿಂದ ಏರು ದಾರಿ ಅಣ್ಣ, ಇವತ್ತೇ ಟ್ಯಾಂಕ್ ಫುಲ್ ಮಾಡ್ಕೊಂಡುಬಿಡಬೇಕು" ಅನ್ನುತ್ತಾನೆ. ಡ್ರೈವಿಂಗ್ ಸ್ಕೂಲ್ ನಡೆಸುವವನಿಗೆ ಲೋಕವೆಲ್ಲ ಗಾಡಿಯೇ. ಮೊದಲ ಮಗು ಹುಟ್ಟಿದಾಗ ಆಸ್ಪತ್ರೆಯಿಂದ ಫೋನ್ ಮಾಡಿ, "ಹೊಸ ಗಾಡಿ ಡೆಲಿವರಿ ಆಯ್ತು ಅಣ್ಣ, ಹಾರ್ನ್ ಮಾತ್ರ ಸಿಕ್ಕಾಪಟ್ಟೆ ಜೋರು" ಎಂದಿದ್ದ.

ನನ್ನ ಹೆಂಡತಿಯ ತಂಗಿಯ ಗಂಡ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ತೂಕದಲ್ಲಿ ಹಿರಿಯ. ಸಕ್ಕರೆ ಕಾಯಿಲೆ ಶುರುವಾಗಿದೆ, ನಡೆಯಿರಿ ಅಂದಿದ್ದಾರೆ ಡಾಕ್ಟರು. "ನಡೀರಿ ಅಂದ್ರೆ ಪಾರ್ಕಲ್ಲಿ ಅಂತ ಅಣ್ಣ, ಪರ್ವತದಲ್ಲಲ್ಲ" ಎಂದು ಒದ್ದಾಡಿದವನನ್ನು ನಾನೇ ಬೆನ್ನುಹತ್ತಿ ಒಪ್ಪಿಸಿದೆ. ನಾಲ್ಕು ಜನ ಆಗದಿದ್ದರೆ ಗೈಡ್ ಕೊಡುವುದಿಲ್ಲವಂತೆ. ಒಬ್ಬರು ನಿವೃತ್ತ ಟೀಚರ್, ಇನ್ನೊಬ್ಬರು ಅವರ ಯಜಮಾನರು, ಮೂರನೆಯವನು ನಾನು. ನಾಲ್ಕನೆಯವನೊಬ್ಬ ಬೇಕಿತ್ತು.

ನನಗಂತೂ ಬೇಕೇ ಬೇಕಿತ್ತು. ಮೂರು ವರ್ಷದ ಹಿಂದೆ, ಬೆಟ್ಟದ ಆ ಬದಿಗೆ ದಾಟಿಸುವ ಎತ್ತರದ ಪಾಸಿಗೆಂದು ಹೊರಟು, ಇದೇ ದಾರಿಯಲ್ಲಿ ಸರೋವರದವರೆಗೆ ಹೋಗಿ, ಹಿಮ ಬಿತ್ತೆಂದು ವಾಪಸು ಬಂದಿದ್ದೆ. ಆಮೇಲೊಂದು ದಿನ ಮನೆಯವರೆಲ್ಲ ಊಟಕ್ಕೆ ಸೇರಿದಾಗ ಷಡ್ಡಕ ಪಟ್ಟಿ ಓದಿದ. ವಕೀಲಿ ಓದು ಅರ್ಧ, ಪಿಟೀಲು ಅರ್ಧ, ಮಹಡಿ ಮೇಲಿನ ಮನೆ ಅರ್ಧ, ಈಗ ಬೆಟ್ಟವೂ ಅರ್ಧ. "ಇನ್ಮೇಲೆ ನೀನು ಅರ್ಧಣ್ಣ!" ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆಸರು ಅಂಟಿಕೊಂಡಿತು, ಮಕ್ಕಳ ಬಾಯಿಂದ ಹೆಂಡತಿಯ ಬಾಯಿಗೆ, ಅಲ್ಲಿಂದ ಲ್ಯಾಬಿಗೆ. ನಾನು ಹಲ್ಲಿನ ಸೆಟ್ಟು ಮಾಡುವವನು. ಪ್ಲಾಸ್ಟರಿನ ಧೂಳಿನಲ್ಲಿ ಕೂತು, ಡಾಕ್ಟರುಗಳು ಕಳಿಸುವ ಅಚ್ಚಿನ ಮೇಲೆ ಮೇಣ ಕರಗಿಸಿ ಒಂದೊಂದೇ ಹಲ್ಲು ಕೂರಿಸುತ್ತೇನೆ. ಊರಿನ ಎಷ್ಟೋ ಜನರ ನಗು ನನ್ನ ಕೈಯಲ್ಲಿ ಆದದ್ದು. ಅವರ ಮುಖ ಮಾತ್ರ ನೋಡಿಲ್ಲ. ಮೊನ್ನೆ ಅಲ್ಲಿ ಹೊಸದಾಗಿ ಸೇರಿದ ಹುಡುಗಿ ನನ್ನ ಮೇಜು ನೋಡಿ, "ಸರ್, ಕೆಳಗಿನ ಸೆಟ್ಟು ಮಾತ್ರ ಆಗಿದೆ, ಇದೂ ಅರ್ಧನಾ?" ಅಂದಳು.

ಇರಲಿ. ಷಡ್ಡಕ ಒಳ್ಳೆಯ ಮನುಷ್ಯ. ಅವನ ಬ್ಯಾಗು ಬಿಚ್ಚಿ ಭಾರದ್ದನ್ನೆಲ್ಲ ನನ್ನ ಬ್ಯಾಗಿಗೆ ಹಾಕಿಕೊಂಡೆ. ನಾದಿನಿ ಬಸ್ಸಿನ ಕಿಟಕಿಯ ಹತ್ತಿರ ಬಂದು, "ಭಾವ, ಇವರಿಗೆ ಹಸಿವು ಬಿಟ್ಟು ಇನ್ಯಾವುದನ್ನೂ ಬಾಯ್ಬಿಟ್ಟು ಹೇಳೋಕೆ ಬರಲ್ಲ. ನೀವೇ ಗಮನಿಸ್ಕೋಬೇಕು. ನಿಮ್ಮನ್ನ ನಂಬಿ ಕಳಿಸ್ತಿದೀನಿ" ಅಂದಿದ್ದಳು. ನೋಡಿಕೊಳ್ಳುತ್ತೇನೆ ಅಂದೆ. ನೋಡಿಕೊಳ್ಳುತ್ತೇನೆ.

ಅಕ್ಟೋಬರ್ ೪, ಶನಿವಾರ

ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಬಟಾಣಿಯಂಥ ಆಲಿಕಲ್ಲು, ಸಂಜೆಗೆ ಮತ್ತೆ ಬಿಸಿಲು. ಕಾಡಿನ ತಂಗುಮನೆ ತಲುಪಿದ್ದೇವೆ.

ಷಡ್ಡಕ ಇಡೀ ದಿನ ಎಲ್ಲರನ್ನೂ ನಗಿಸಿದ. ಇಳಿಜಾರು ಬಂದಾಗೆಲ್ಲ ಕಾಲಿಂದ ಇಲ್ಲದ ಬ್ರೇಕು ಒತ್ತುತ್ತಾನೆ. ತಿರುವಿನಲ್ಲಿ "ಪೀಂ" ಎಂದು ಹಾರ್ನು. "ದೂರದ ಬೆಟ್ಟ ನುಣ್ಣಗೆ ಅಂದ ಪುಣ್ಯಾತ್ಮ ದೂರದಲ್ಲೇ ಕೂತಿದ್ದ ಅಣ್ಣ, ಜಾಣ!" ನಮ್ಮ ಗೈಡು ನಲವತ್ತರ ಹೆಂಗಸು, ಮಾತು ಕಮ್ಮಿ. ಅವಳಿಗೆ ಗೈಡಮ್ಮ ಎಂದು ಹೆಸರಿಟ್ಟಿದ್ದಾನೆ. ಅವಳೂ ನಕ್ಕಳು, ಅದೇ ಆಶ್ಚರ್ಯ.

ಹಳ್ಳ ದಾಟುವಾಗ ಅವನ ಕೈ ಹಿಡಿದುಕೊಂಡೆ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು, ನಾನೇ ಬ್ಯಾಂಡೇಜು ಹಾಕಿದೆ. "ನನ್ನ ಅಮ್ಮನೂ ನನಗೆ ಇಷ್ಟು ಮಾಡಿಲ್ಲ" ಅಂದ. ಸುಳ್ಳೇ ಇರಬೇಕು, ಆದರೂ ಕೇಳಲು ಚೆನ್ನಾಗಿತ್ತು.

ಅಕ್ಟೋಬರ್ ೬, ಸೋಮವಾರ

ಸರೋವರ. ಕಳೆದ ಸಲ ನಾನು ಹಿಂತಿರುಗಿದ ಜಾಗ. ನೀರು ಸ್ಲೇಟಿನ ಬಣ್ಣಕ್ಕಿದೆ. ಅದೇ ತಗಡಿನ ತಂಗುಮನೆ, ಒಳಗೆ ಅದೇ ಹಲಗೆಯ ಮಂಚ, ಒದ್ದೆ ಉಣ್ಣೆಯ ವಾಸನೆ.

ಸಂಜೆ ಗೈಡಮ್ಮ ಎಲ್ಲರನ್ನೂ ಒಲೆಯ ಸುತ್ತ ಕೂರಿಸಿ ಹೇಳಿದಳು: "ಇಲ್ಲಿಂದ ಮೇಲೆ ಕೆಲವರಿಗೆ ಎತ್ತರ ಆಗಿಬರಲ್ಲ. ಮಿದುಳಿಗೆ ನೀರು ಸೇರುತ್ತೆ. ಮೊದಲು ತಲೆನೋವು, ಆಮೇಲೆ ವಾಂತಿ, ಆಮೇಲೆ ಕುಡಿದವರ ಥರ ತೂರಾಟ. ಅದಕ್ಕೆ ಮದ್ದು ಒಂದೇ, ತಕ್ಷಣ ಕೆಳಗಿಳಿಯೋದು. ನಾನೊಬ್ಬಳೇ ಇರೋದ್ರಿಂದ ಒಬ್ಬರು ಇಳಿದ್ರೆ ಎಲ್ಲರೂ ಇಳೀಬೇಕು. ಮುಚ್ಚಿಡಬೇಡಿ. ನಾಚಿಕೆಪಡೋಕೆ ಏನೂ ಇಲ್ಲ."

ಟೀಚರು ನಿದ್ದೆ ಸರಿಯಿಲ್ಲ ಅಂದರು. ಅವರ ಯಜಮಾನರು ಹಸಿವು ಕಮ್ಮಿ ಅಂದರು. ಷಡ್ಡಕನ ಸರದಿ ಬಂದಾಗ ಅವನು ನನ್ನ ಮುಖ ನೋಡಿದ. ಬೆಳಿಗ್ಗೆಯಿಂದ ಹಣೆ ಒತ್ತಿಕೊಳ್ಳುತ್ತಿದ್ದುದು ನನಗೆ ಗೊತ್ತಿತ್ತು. ನಾನು ತಲೆ ಅಲ್ಲಾಡಿಸಲಿಲ್ಲ, ಕಣ್ಣು ಮಿಟುಕಿಸಲೂ ಇಲ್ಲ. ಸುಮ್ಮನೆ ನೋಡಿದೆ. "ಗಾಡಿ ಕಂಡೀಶನ್ನು ಗೈಡಮ್ಮ, ಶೋರೂಮ್ ಪೀಸು" ಅಂದುಬಿಟ್ಟ.

ಸಾಮಾನ್ಯ ತಲೆನೋವು. ನನಗೂ ಸ್ವಲ್ಪ ಇದೆ. ಮಾತ್ರೆ ಕೊಟ್ಟೆ, ಹಣೆಗೆ ಮುಲಾಮು ಹಚ್ಚಿದೆ.

ಅಕ್ಟೋಬರ್ ೭, ಮಂಗಳವಾರ

ಇಡೀ ದಿನ ಮಳೆ. ಹೊರಗೆ ಕಾಲಿಡಲಾಗಲಿಲ್ಲ. ಮಾತಿಗೆ ಬೇರೇನೂ ಸಿಗದೆ ಷಡ್ಡಕ ಟೀಚರಿಗೆ ಅರ್ಧಣ್ಣನ ಪುರಾಣ ಹೇಳಿದ. ಪಿಟೀಲಿನ ತಂತಿ, ಮಹಡಿಯ ಮೇಲೆ ತುಕ್ಕು ಹಿಡಿಯುತ್ತಿರುವ ಕಬ್ಬಿಣದ ಸರಳು, ಒಂದನ್ನೂ ಬಿಡಲಿಲ್ಲ. ತಲೆನೋವಿದ್ದವನಿಗೆ ಇಷ್ಟು ಮಾತೆಲ್ಲಿಂದ ಬರುತ್ತದೆ?

"ಅದಕ್ಕೇ ಈ ಸಲ ನಾನು ಜೊತೇಲಿ ಬಂದಿರೋದು ಟೀಚರ್. ಈ ಪಾಸ್ ದಾಟಿದ್ರೆ ಅಣ್ಣ ಪಾಸು. ಇಲ್ಲಾಂದ್ರೆ ಮತ್ತೆ ಫೇಲು." ಟೀಚರ ಯಜಮಾನರು ಕೆಮ್ಮು ಬರುವಷ್ಟು ನಕ್ಕರು.

ಮಧ್ಯಾಹ್ನ ಅವನು ಹಿಂಬದಿಗೆ ಹೋಗಿ ವಾಂತಿ ಮಾಡಿಕೊಂಡ. ನಿನ್ನೆಯ ಡಬ್ಬಿ ಮೀನು ಆಗಿಬಂದಿಲ್ಲ. ಮಣ್ಣು ಮುಚ್ಚಿದೆ.

ಅಕ್ಟೋಬರ್ ೮, ಬುಧವಾರ

ಪಾಸಿನ ಕೆಳಗಿನ ಕಲ್ಲುಮನೆ. ಬೆಳಿಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ಹೊರಟು ಸ್ವಲ್ಪ ಹೊತ್ತಿಗೆ ಮಂಜು ಇಳಿಯಿತು. ಮುಂದಿನವರ ಬೆನ್ನು ಕಾಣದು. ನಾಳೆ ಬೆಳಿಗ್ಗೆ ಮಾತ್ರ ತೆರಪು ಸಿಗುತ್ತದಂತೆ, ಆಮೇಲೆ ದೊಡ್ಡ ಹಿಮ. ಅಂದರೆ ನಾಳೆ ದಾಟಬೇಕು, ಇಲ್ಲದಿದ್ದರೆ ಇಲ್ಲ.

ಷಡ್ಡಕ ಬಹಳ ನಿಧಾನ. ಅವನ ಬ್ಯಾಗನ್ನೂ ನಾನೇ ಹೊತ್ತೆ. ಹಾರ್ನೂ ಇಲ್ಲ, ಬ್ರೇಕೂ ಇಲ್ಲ. ಒಂದು ಕಡೆ ನಿಂತು, "ಅಣ್ಣ, ನಾವು ಹೋಗ್ತಿದೀವಾ ಬರ್ತಿದೀವಾ?" ಎಂದು ಕೇಳಿದ. ತಮಾಷೆ ಎಂದುಕೊಂಡು ನಕ್ಕೆ. ಅವನು ನಗಲಿಲ್ಲ.

"ಕೆಳಗೆ ಹೋಗೋಣ್ವಾ ಅಣ್ಣ?" ಅಂದ ಆಮೇಲೆ. ಮೆತ್ತಗೆ, ಮಕ್ಕಳು ಕೇಳುವ ಹಾಗೆ.

"ಕೆಳಗೆ ಹೋಗೋಕೆ ದಾರಿ ಆ ಕಡೆನೂ ಇದೆ. ನಾಳೆ ಒಂದು ಬೆಳಿಗ್ಗೆ ಹತ್ತಿಬಿಟ್ಟರೆ ಆಯ್ತು, ಆಮೇಲೆಲ್ಲ ಇಳಿಜಾರೇ. ಇಲ್ಲಿವರೆಗೂ ಬಂದಿದೀಯ."

"ಊಂ."

ಊರಿಗೆ ಹೋದ ಮೇಲೆ ಇವನೇ ಹೇಳುತ್ತಾನೆ: ಪಾಸಿನ ಬುಡಕ್ಕೆ ಹೋಗಿ ವಾಪಸು ಬಂದ ನಮ್ಮ ಅರ್ಧಣ್ಣ, ಈಗ ಮುಕ್ಕಾಲಣ್ಣ. ಅವನ ಕೈಲಾಗದೆ ಇಳಿದದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದೊಂದು ಸಲ ಬೇಕೆಂದೇ ಹೀಗೆ ಮಾಡುತ್ತಿದ್ದಾನೇನೋ ಅನ್ನಿಸುತ್ತದೆ.

ಗೈಡಮ್ಮನಿಗೆ ಅನುಮಾನ ಬಂತು. ಕಲ್ಲುಮನೆಯ ನೆಲದ ಮೇಲೆ ಹಗ್ಗವನ್ನು ನೇರಕ್ಕೆ ಹಾಸಿ, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ಅದರ ಮೇಲೆ ನಡೆಯಿರಿ ಅಂದಳು. "ಎಷ್ಟು ಜನಕ್ಕೆ ಲೈಸೆನ್ಸ್ ಕೊಡಿಸಿದೀನಿ, ನನಗೇ ಟೆಸ್ಟಾ?" ಎಂದು ಎದ್ದ. ಸ್ವಲ್ಪ ದೂರ ಸರಿಯಾಗಿ ಹೋದ. ಆಮೇಲೆ ಎಡಕ್ಕೆ ವಾಲಿ ಗೋಡೆ ಹಿಡಿದುಕೊಂಡ.

"ಬೆಳಿಗ್ಗೆ ಕಾಲು ಉಳುಕಿಸ್ಕೊಂಡ" ಅಂದೆ ನಾನು.

ಅವಳು ಅವನನ್ನು ಕೇಳಿದಳು, "ಹೌದಾ?"

ಅವನು ನನ್ನನ್ನೇ ನೋಡಿದ. "ಅಣ್ಣ ಹೇಳಿದ ಮೇಲೆ ಹೌದು."

ಅವಳು ಹಗ್ಗ ಸುತ್ತಿಕೊಂಡಳು. ಬೆಳಿಗ್ಗೆ ಇನ್ನೊಮ್ಮೆ ನೋಡೋಣ ಅಂದಳು. ಉಳುಕಿರಲೂಬಹುದು. ಆ ಕಲ್ಲುದಾರಿಯಲ್ಲಿ ಯಾರ ಕಾಲು ಉಳುಕುವುದಿಲ್ಲ?

ಅಕ್ಟೋಬರ್ ೯, ಗುರುವಾರ

ದಾಟಿದೆ.

ಷಡ್ಡಕ ಹೋಗಿಬಿಟ್ಟ. ಬರೆಯಲಾಗುವುದಿಲ್ಲ.

ಅಕ್ಟೋಬರ್ ೧೦, ಶುಕ್ರವಾರ

ಬೆಟ್ಟದ ಈ ಬದಿಯ ಲಾಡ್ಜು. ರಸ್ತೆಯ ಮೇಲೆ ಮಣ್ಣು ಕುಸಿದಿದೆ, ವ್ಯಾನು ನಾಳೆ ಬರುತ್ತದಂತೆ. ಕೆಳಗಿನ ಕೋಣೆಯಲ್ಲಿ ಆಲೂಗಡ್ಡೆ ಚೀಲಗಳನ್ನು ಸರಿಸಿ, ಎರಡು ಬೆಂಚು ಜೋಡಿಸಿ ಅವನನ್ನು ಮಲಗಿಸಿದ್ದಾರೆ. ಗೈಡಮ್ಮ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಾಳೆ. ಎರಡು ಸಲ ಕೆಳಗೆ ಹೋದೆ, ಒಳಗೆ ಹೋಗಲಾಗಲಿಲ್ಲ. ಮಳೆ ನಿಂತು ಬಿಸಿಲು ಬಂದಿದೆ. ಅಂಗಳದಲ್ಲಿ ನಮ್ಮೆಲ್ಲರ ಶೂಗಳನ್ನು ಒಣಹಾಕಿದ್ದಾರೆ, ಅವನದೂ ಸೇರಿ.

ಆದದ್ದನ್ನು ಆದ ಹಾಗೆ ಬರೆದಿಡಬೇಕು.

ಬೆಳಿಗ್ಗೆ ಗೈಡಮ್ಮ ಹಿಮ ಗಟ್ಟಿಯಿದೆಯೋ ನೋಡಲು ಮೇಲಕ್ಕೆ ಹೋಗಿದ್ದಳು. ಹೋಗುವಾಗ ನನಗೆ ಹೇಳಿದಳು, "ನಿಮ್ಮವರನ್ನ ಎಬ್ಬಿಸಿ, ಮಾತಾಡಿಸಿ, ನಡೆಸಿ ನೋಡಿ. ನನಗಿಂತ ನಿಮಗೆ ಅವರು ಚೆನ್ನಾಗಿ ಗೊತ್ತು." ಎಬ್ಬಿಸಿದೆ. ಅವನು ಎಡಗಾಲಿನ ಶೂವನ್ನು ಬಲಗಾಲಿಗೆ ಹಾಕಿಕೊಳ್ಳಲು ನೋಡುತ್ತಿದ್ದ. ನಾನು ತೆಗೆದು ಸರಿಯಾಗಿ ಹಾಕಿ, ಲೇಸು ಕಟ್ಟಿದೆ. ಅವಳು ಬಂದು ಕೇಳಿದಾಗ, "ಚೆನ್ನಾಗಿ ನಿದ್ದೆ ಮಾಡಿದಾನೆ, ಕಾಲೂ ವಾಸಿ" ಅಂದೆ. ಹಗ್ಗ ಹಾಸಲು ಹೊತ್ತಿರಲಿಲ್ಲ. ಮೋಡ ಆಗಲೇ ಏಳುತ್ತಿತ್ತು.

ಕಡಿದಾದ ಹಿಮದಲ್ಲಿ ಟೀಚರಿಗೆ ಭಯವಾಗಿ ಕೈಕಾಲು ಆಡದಾಯಿತು. ಗೈಡಮ್ಮ ಅವರನ್ನೂ ಅವರ ಯಜಮಾನರನ್ನೂ ಹಗ್ಗಕ್ಕೆ ಕಟ್ಟಿಕೊಂಡು ಮುಂದೆ ನಡೆಸಬೇಕಾಯಿತು. "ಹಿಂದೆ ನಾನಿರ್ತೀನಿ, ನೀವು ಹೋಗಿ" ಅಂದೆ. ಅವಳು ಕೊರಳಿನ ಸೀಟಿ ತೆಗೆದು ನನಗೆ ಕೊಟ್ಟಳು. "ಅವರು ಕೂತ್ರೆ ಊದಿ, ನಾನು ಇಳಿದು ಬರ್ತೀನಿ. ಬಿಟ್ಟು ಮಾತ್ರ ಬರಬೇಡಿ." ಸೀಟಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡೆ.

ಮಂಜು ಮುಚ್ಚಿತು. ಅವರು ಮೂವರೂ ಕಾಣದಾದರು. ಒಂದು ದೊಡ್ಡ ಬಂಡೆಯ ಹತ್ತಿರ ಷಡ್ಡಕ ಕೂತ. ಏಳು ಅಂದೆ, ಎತ್ತಿದೆ, ಬೈದೆ. ಗೋಣಿಚೀಲದ ಹಾಗೆ ಜಾರಿ ಮತ್ತೆ ಕೂತ. ತುಟಿ ನೀಲಿಯಾಗಿತ್ತು. ಮಾತು ತೊದಲುತ್ತಿತ್ತು.

"ಇಲ್ಲೇ ಇರಣ್ಣ" ಅಂದ. "ಹೋಗ್ಬೇಡ. ನನ್ನ ಹತ್ರ ಕೂತ್ಕೋ."

ಎರಡು ಸಲ ಅಂದ. ನನ್ನ ಪ್ಯಾಂಟಿನ ಅಂಚು ಹಿಡಿದುಕೊಂಡಿದ್ದ.

ಸೀಟಿ ಊದಬೇಕು ಎಂದು ಗೊತ್ತಿತ್ತು. ಊದಿದರೆ ಅವಳು ಇಳಿದು ಬರುತ್ತಾಳೆ, ಅಲ್ಲಿಂದಲೇ ಎಲ್ಲರೂ ವಾಪಸು. ನಾಳೆ ದೊಡ್ಡ ಹಿಮ. ಅಲ್ಲಿಗೆ ಮುಗಿಯಿತು, ಈ ವರ್ಷವೂ, ಬಹುಶಃ ಯಾವತ್ತೂ. ಅದೇ ಹೊತ್ತಿಗೆ ಗಾಳಿಗೆ ಮಂಜು ಸ್ವಲ್ಪ ಸರಿಯಿತು. ಪಾಸಿನ ತುದಿಯ ಕಲ್ಲುಗುಪ್ಪೆ ಕಂಡಿತು. ಎಷ್ಟು ಹತ್ತಿರ! ಕೈ ಚಾಚಿದರೆ ಸಿಗುವಂತಿತ್ತು. ಹೋಗಿ ಮುಟ್ಟಿ, ಅವಳಿಗೆ ಹೇಳಿ, ಜೊತೆಯಲ್ಲೇ ಕರೆದುಕೊಂಡು ಬಂದರೆ? ಸೀಟಿಗಿಂತ ಅದೇ ಸರಿ ಅನ್ನಿಸಿತು. ಸೀಟಿ ಗಾಳಿಯಲ್ಲಿ ಕೇಳಿಸದೆಯೂ ಇರಬಹುದು. ನಾನೇ ಖುದ್ದು ಹೋಗಿ ಹೇಳಿದರೆ ಖಂಡಿತ.

"ಗೈಡಮ್ಮನ್ನ ಕರ್ಕೊಂಡು ಬರ್ತೀನಿ" ಎಂದು ಅವನ ಬೆರಳು ಬಿಡಿಸಿದೆ. ನನ್ನ ಮಫ್ಲರನ್ನು ಅವನ ಕೊರಳಿಗೆ ಸುತ್ತಿದೆ. ಇದನ್ನೂ ಬರೆಯಬೇಕು. ಸುತ್ತಿದೆ.

ಹತ್ತಿರ ಕಂಡದ್ದು ಹತ್ತಿರವಿರಲಿಲ್ಲ.

ಮೇಲೆ ಮುಟ್ಟಿದಾಗ ಮೋಡ ಪೂರ್ತಿ ಹರಿದುಹೋಯಿತು. ಆ ಬದಿಯ ಕಣಿವೆ, ನದಿ, ಬಿಸಿಲು ಬಿದ್ದ ಹೊಲಗಳು. ನಾನು ಕಲ್ಲುಗುಪ್ಪೆಯ ಮೇಲೆ ಎರಡೂ ಕೈ ಇಟ್ಟು ನಿಂತೆ. ಸಂತೋಷವಾಯಿತು. ಬರೆಯಲೇಬೇಕು, ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಮಗಳು ಹುಟ್ಟಿದಾಗಲೂ ಆಗಿರಲಿಲ್ಲ.

ಟೀಚರ ಯಜಮಾನರು ತುದಿಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಗೈಡಮ್ಮ ಕೋಲಿಟ್ಟು ಪಟ್ಟಿ ಕಟ್ಟುತ್ತಿದ್ದವಳು ತಲೆ ಎತ್ತಿ ಕೇಳಿದಳು: "ಅವರೆಲ್ಲಿ?"

"ಹಿಂದೆ ಬರ್ತಿದಾನೆ" ಅಂದೆ.

ಯಾಕೆ ಹಾಗಂದೆನೋ. ಬಾಯಿಗೆ ಬಂದದ್ದು ಅದೇ. ಪಟ್ಟಿ ಕಟ್ಟಿ ಮುಗಿಸಲಿ, ಆಮೇಲೆ ಹೇಳೋಣ ಎಂದುಕೊಂಡೆ. ಟೀಚರು ಫ್ಲಾಸ್ಕಿನ ಟೀ ಕೊಟ್ಟರು, ಕುಡಿದೆ. ನನ್ನ ಫೋನು ಅವರ ಕೈಗೆ ಕೊಡಹೋದೆ, ಅದು ಚಳಿಗೆ ಸತ್ತಿತ್ತು; ಅವರದರಲ್ಲೇ ಫೋಟೋ ತೆಗೆದರು. "ಸ್ವಲ್ಪ ನಗಿ" ಅಂದರು. ನಕ್ಕೆ.

ಗೈಡಮ್ಮ ಗಂಟು ಹಾಕಿ ಎದ್ದು ನಿಂತು ಕೆಳಗೆ ನೋಡಿದಳು. ಮತ್ತೆ ಮಂಜು ತುಂಬಿತ್ತು. "ಎಷ್ಟು ಹಿಂದಿದಾರೆ?"

"ಬಂಡೆ ಹತ್ರ ಕೂತಿದಾನೆ. ಏಳಕ್ಕಾಗ್ತಿಲ್ಲ."

ಅವಳು ನನ್ನನ್ನು ನೋಡಿದ್ದು ಒಂದು ಗಳಿಗೆ. ಬ್ಯಾಗನ್ನೂ ತೆಗೆದುಕೊಳ್ಳದೆ ಓಡಿದಳು, ಆ ಹಿಮದಲ್ಲಿ, ಹಗ್ಗವಿಲ್ಲದೆ. ನಾನು ಅವಳ ಹಿಂದೆ ಇಳಿದೆ.

ಷಡ್ಡಕ ಬಂಡೆಯ ಹತ್ತಿರ ಇರಲಿಲ್ಲ. ಅದಕ್ಕಿಂತ ಬಹಳ ಮೇಲೆ ಸಿಕ್ಕಿದ, ನಾನು ಹತ್ತಿಹೋದ ಹೆಜ್ಜೆಗಳ ಮೇಲೇ. ನಡೆದಿರಲಿಲ್ಲ, ಮೊಣಕಾಲು ಎಳೆದ ಗುರುತಿತ್ತು. ಕೈಗವಸು ಎಲ್ಲೋ ಕಳೆದುಕೊಂಡಿದ್ದ. ಗೈಡಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟಿದಳು, ಬಾಯಿಗೆ ಉಸಿರು ಊದಿದಳು, ಎದೆ ಒತ್ತಿದಳು. ನಾನು ಅವನ ಕೈ ಉಜ್ಜುತ್ತಾ ಕೂತೆ. ಎಷ್ಟು ಹೊತ್ತೋ. ಕೊನೆಗೆ ಅವಳೇ ನನ್ನ ಕೈ ಹಿಡಿದು ನಿಲ್ಲಿಸಿದಳು.

ಪಾಸಿನ ಮೇಲೆ ಸಿಗ್ನಲ್ಲು ಸಿಕ್ಕಿ ಅವಳು ಫೋನ್ ಮಾಡಿದ ಮೇಲೆ ಈ ಬದಿಯಿಂದ ಜನ ಬಂದರು. ನಿನ್ನೆ ಅವನನ್ನು ಸ್ಟ್ರೆಚರಿನಲ್ಲಿ ಇಳಿಸುವಾಗ ಹಿಂದಿನ ಹಿಡಿಯೊಂದನ್ನು ನಾನು ಹಿಡಿದಿದ್ದೆ. ಯಾರಿಗೂ ಬಿಟ್ಟುಕೊಡಲಿಲ್ಲ. ಅಂಗೈ ಸುಲಿದಿದೆ.

ಅಕ್ಟೋಬರ್ ೧೧, ಶನಿವಾರ

ವ್ಯಾನು ಬಂತು. ಜೊತೆಗೆ ಪೊಲೀಸ್ ಅಧಿಕಾರಿಯೊಬ್ಬರು. ಸಭ್ಯ ಮನುಷ್ಯ. ಊಟದ ಕೋಣೆಯಲ್ಲಿ ಎದುರು ಕೂರಿಸಿಕೊಂಡು ಕೇಳಿದರು.

"ನೀವು ಅವರ ಜೊತೇಲೇ ಇದ್ರಾ?"

"ಇದ್ದೆ. ಕೈಲಾಗಲ್ಲ ಅನ್ನಿಸಿದಾಗ ಸಹಾಯ ಕರೆಯೋಕೆ ಹೋದೆ."

"ಸೀಟಿ ಕೊಟ್ಟಿದ್ರಂತೆ?"

"ಊದಿದೆ. ಗಾಳಿಗೆ ಕೇಳಿಸಲಿಲ್ಲ ಅಂತ ಕಾಣುತ್ತೆ."

ಗೈಡಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅಧಿಕಾರಿ ಅವಳ ಕಡೆ ತಿರುಗಿ ಕೇಳಿಸಿತೇ ಅಂದರು. ಇಲ್ಲ ಅಂದಳು. ಆಮೇಲೆ ನನ್ನ ಹತ್ತಿರ ಬಂದು ಕೈ ಚಾಚಿದಳು. ಏನು ಎಂದು ತಿಳಿಯಲು ಹೊತ್ತು ಹಿಡಿಯಿತು. ಜೇಬಿನಿಂದ ಸೀಟಿ ತೆಗೆದು ಕೊಟ್ಟೆ. ಅವಳು ಅದನ್ನು ಬಾಯಿಗಿಟ್ಟುಕೊಳ್ಳಬಹುದು, ಊದಿ ತೋರಿಸಬಹುದು ಎಂದು ಅವಳ ಕೈಯನ್ನೇ ನೋಡುತ್ತಿದ್ದೆ. ಏನೂ ಮಾಡಲಿಲ್ಲ. "ಆ ದಿನ ಬೆಳಿಗ್ಗೆ ನಾನು ಹಗ್ಗ ಹಾಸಬೇಕಿತ್ತು" ಅಂದಳು, ಅಧಿಕಾರಿಗೆ. "ಬರ್ಕೊಳ್ಳಿ. ತಪ್ಪು ನನ್ನದು."

ಅವರು ಬರೆದುಕೊಂಡರು. ಅವಳ ಲೈಸೆನ್ಸು ಹೋಗಬಹುದಂತೆ. ಪಾಪ. ಆದರೆ ನಿಜ ಹೇಳಬೇಕೆಂದರೆ ಹಗ್ಗ ಹಾಸಬೇಕಿತ್ತು ತಾನೇ? ಅದು ಅವಳ ಕೆಲಸ.

ಹೊರಡುವಾಗ ಟೀಚರು ನನ್ನನ್ನು ಪಕ್ಕಕ್ಕೆ ಕರೆದರು. "ನಾನು ಫೋಟೋ ತೆಗೆದಾಗ… ಅವರು ಹಿಂದೆ ಬರ್ತಿದಾರೆ ಅಂದ್ರಿ, ಅಲ್ವಾ?"

"ಬರ್ತಿದ್ದ" ಅಂದೆ. "ಗೈಡಮ್ಮನೇ ನೋಡಿದಾರಲ್ಲ ಗುರುತು. ಬರ್ತಾನೇ ಇದ್ದ."

ಅವರು ಕಣ್ಣೀರು ಒರೆಸಿಕೊಂಡರು. ಹೇಳಿದ್ದು ಸುಳ್ಳಲ್ಲ.

ಅಕ್ಟೋಬರ್ ೨೦, ಸೋಮವಾರ

ಇಷ್ಟು ದಿನ ಬರೆಯಲು ಪುರಸೊತ್ತಾಗಲಿಲ್ಲ. ಇವತ್ತು ಲ್ಯಾಬಿಗೆ ಹೋದೆ. ಮೇಜಿನ ಮೇಲೆ ಕೆಳಗಿನ ಸೆಟ್ಟು ಹಾಗೇ ಕೂತಿತ್ತು. ಮೇಣ ಕರಗಿಸಿ ಮೇಲಿನದನ್ನು ಮಾಡಿ ಮುಗಿಸಿದೆ. ಎಲ್ಲರೂ ಬಹಳ ಮರ್ಯಾದೆಯಿಂದ ಮಾತಾಡಿಸಿದರು. ಹೊಸ ಹುಡುಗಿ ಕುರ್ಚಿ ತಂದು ಹಾಕಿದಳು. ಷಡ್ಡಕನನ್ನು ಹೊತ್ತು ತಂದವನು ಎಂದು ಯಾರೋ ಹೇಳಿದ್ದಾರಂತೆ. ಹೊತ್ತದ್ದು ನಿಜ.

ಸಂಜೆ ನಾದಿನಿಯ ಮನೆಗೆ ಹೋದೆ; ಅಂತ್ಯಕ್ರಿಯೆಯ ಗದ್ದಲದಲ್ಲಿ ಅವಳ ಹತ್ತಿರ ಮಾತಾಡಲಾಗಿರಲಿಲ್ಲ. ಹೆಂಡತಿ ಸುದ್ದಿ ಬಂದಾಗಿನಿಂದ ಅಲ್ಲೇ ಇದ್ದಾಳೆ. ಮುಂದಿನ ಕೋಣೆಯೇ ಡ್ರೈವಿಂಗ್ ಸ್ಕೂಲು. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಚಾರ್ಟು, ಮೂಲೆಯಲ್ಲಿ ಕಲಿಯುವವರಿಗೆಂದು ಕಬ್ಬಿಣದ ಸ್ಟ್ಯಾಂಡಿಗೆ ಕೂರಿಸಿದ ಸ್ಟೀರಿಂಗು, ಕೆಳಗೆ ಮೂರು ಪೆಡಲು. ಬ್ರೇಕಿನ ರಬ್ಬರು ಸವೆದುಹೋಗಿದೆ. ನಾದಿನಿ ಬೆಂಚಿನ ಮೇಲೆ ಕೂತಿದ್ದಳು, ಕಲಿಯಲು ಬಂದವಳ ಹಾಗೆ. ನನ್ನನ್ನು ಕಂಡು ಎದ್ದಳು. "ಕೂತ್ಕೊಳ್ಳಿ ಭಾವ. ಊಟ ಮಾಡಿದ್ರಾ? ಎಷ್ಟು ಇಳಿದುಹೋಗಿದೀರ."

ಅವಳು ಬೈಯುತ್ತಾಳೆ ಅಂದುಕೊಂಡಿದ್ದೆ. ನಿಮ್ಮನ್ನು ನಂಬಿ ಕಳಿಸಿದ್ದೆ ಅನ್ನುತ್ತಾಳೆ, ಕಾಲರು ಹಿಡಿಯುತ್ತಾಳೆ, ಆಗ ಏನು ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗಲೇ ಜೋಡಿಸಿಟ್ಟುಕೊಂಡಿದ್ದೆ. ಅದೊಂದೂ ಬೇಕಾಗಲಿಲ್ಲ. ಅವಳು ಮೆಲ್ಲಗೆ ಕೇಳಿದ್ದು ಇಷ್ಟೇ:

"ಕೊನೇಲಿ ಏನಾದ್ರೂ ಅಂದ್ರಾ ಭಾವ?"

ಇದನ್ನು ಜೋಡಿಸಿಕೊಂಡಿರಲಿಲ್ಲ. ಚಾರ್ಟಿನ ಕಡೆ ನೋಡಿದೆ.

"ನನ್ನಿಂದ ನೀನು ನಿಲ್ಲಬೇಡ ಅಂದ. ನೀನು ಹೋಗಣ್ಣ, ದಾಟು ಅಂದ."

ಒಳಗೆ ಹೆಂಡತಿ ಪಾತ್ರೆ ತೊಳೆಯುವ ಸದ್ದು ಬರುತ್ತಿತ್ತು.

"ಇವರಾ? ಹೀಗಂದ್ರಾ?"

"ಹೂಂ."

"ಯಾರಿಗೂ ಗೊತ್ತಿಲ್ಲ ಭಾವ, ನಿಮಗೆ ಮಾತ್ರ ಹೇಳ್ತಿದೀನಿ. ಇವರಿಗೆ ಒಬ್ಬರೇ ಇರೋದು ಅಂದ್ರೆ ಪ್ರಾಣಭಯ. ಕರೆಂಟ್ ಹೋದ್ರೆ ನನ್ನ ಕೈ ಹುಡುಕೋರು. ಸ್ನಾನಕ್ಕೆ ಹೋದ್ರೂ ಬಾಗಿಲಿಗೆ ಚಿಲಕ ಹಾಕ್ತಿರಲಿಲ್ಲ. ನಗಿಸ್ತಾ ಇದ್ದಿದ್ದೇ ಅದಕ್ಕೆ, ಜನ ಎದ್ದು ಹೋಗದೇ ಇರಲಿ ಅಂತ." ಅವಳು ಮೂಲೆಯ ಸ್ಟೀರಿಂಗಿನ ಕಡೆ ನೋಡಿದಳು. "ಅಂಥವರು ಹೋಗು ಅಂದ್ರಾ?"

ನಾನು ತಲೆಯಾಡಿಸಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಮುಖದಲ್ಲಿ ಒಂದು ಬಗೆಯ ತೇಜಸ್ಸು ಕಂಡಿತು. "ನಿಮಗೋಸ್ಕರ ಅಷ್ಟು ಧೈರ್ಯ ಮಾಡಿದ್ರಲ್ಲ" ಅಂದಳು. "ಸಾಕು ಭಾವ. ನನಗೆ ಇಷ್ಟು ಸಾಕು." ಆಮೇಲೆ ಒಳಗಿನ ಕೋಣೆಯ ಕಡೆ ತಿರುಗಿ ಮಕ್ಕಳನ್ನು ಕರೆದಳು. "ಇಬ್ಬರೂ ಬನ್ನಿ ಇಲ್ಲಿ. ಅಪ್ಪ ಕೊನೇಲಿ ಏನಂದ್ರು ಅಂತ ದೊಡ್ಡಪ್ಪ ಹೇಳ್ತಾರೆ. ಕೇಳಿಸ್ಕೊಳ್ಳಿ."

ಮಕ್ಕಳು ಬಂದು ಎದುರು ನಿಂತವು. ದೊಡ್ಡದು ಕಣ್ಣು ಮಿಟುಕಿಸದೆ ನೋಡುತ್ತಿತ್ತು.

ಹೇಳಿದೆ. ಎರಡನೇ ಸಲ ಅಷ್ಟು ಕಷ್ಟವಾಗಲಿಲ್ಲ.